ಕೊಟ್ಟ ಮಾತಿಗೆ ಎರಡು ತೂಕವೆ?

ನಮ್ಮ ನಾಡಿನ ಸಾಫ್ಟ್‌ವೇರ್ ಸಂಸ್ಥೆಯೊಂದು ಪರದೇಶದಲ್ಲಿ ಕಚೇರಿಯನ್ನು ವಿಸ್ತರಿಸಿ ಅಲ್ಲಿಯವರಿಗೆ ಕೆಲಸ ಕೊಟ್ಟಿತೆಂದರೆ ಅದನ್ನು ಮಹದೌದಾರ್ಯವೆಂದು ಕೊಂಡಾಡುವವರು ಅನೇಕರು. ಉದ್ಯೋಗವು ದಾನವಲ್ಲ, ಕರಾರು. ಕರಾರನ್ನು ಕರಾರೆಂದೇ ಪರಿಶೀಲಿಸುವುದು ನ್ಯಾಯ.

ಬೆಂಗಳೂರಿನ ಇನ್ಫೋಸಿಸ್ ಎರಡು ವರ್ಷಗಳಲ್ಲಿ 10,000 ಅಮೆರಿಕನ್ನರನ್ನು ನೇಮಿಸಿಕೊಳ್ಳುವುದಾಗಿ 2017ರ ಮೇ ತಿಂಗಳಲ್ಲಿ ಸಾರಿತು. ಮೊದಲ ಕೇಂದ್ರ ಇಂಡಿಯಾನಾ ರಾಜ್ಯದಲ್ಲಿ. ಅಲ್ಲಿ 2021ರೊಳಗೆ 2,000 ಉದ್ಯೋಗಗಳೆಂಬ ಭರವಸೆ. ಅಮೆರಿಕದ ಸರಕನ್ನೇ ಕೊಳ್ಳಬೇಕು, ಅಮೆರಿಕನ್ನರನ್ನೇ ನೇಮಿಸಬೇಕು ಎಂಬ ಅಧ್ಯಕ್ಷ ಟ್ರಂಪರ ಆಜ್ಞೆ ಹೊರಟದ್ದು ಅದಕ್ಕೆ ಎರಡು ವಾರಗಳ ಹಿಂದಷ್ಟೇ. ವೀಸಾದ ದಾರಿ ಇಕ್ಕಟ್ಟಾದಾಗ ವರ್ತಕನು ಬೇರೆ ದಾರಿ ಹಿಡಿಯುವುದು ಸಹಜ, ಅದರಲ್ಲಿ ದೋಷವಿಲ್ಲ. ಅದಕ್ಕೆ ಪರೋಪಕಾರದ ಪಟ್ಟ ಕಟ್ಟುವುದು ದೋಷ.

ಇಂಡಿಯಾನಾ ಸರಕಾರವಂತೂ ಹೊಗಳಿಕೆಗೆ ಮರುಳಾಗಲಿಲ್ಲ. ತೆರಿಗೆ ರಿಯಾಯಿತಿಯನ್ನು ಕೊಡಲೊಪ್ಪಿತು, ಆದರೆ ನೇಮಕವಾದ ಬಳಿಕವೇ ಎಂಬ ಷರತ್ತಿನ ಮೇಲೆ. ಆಳು ಬಂದರೆ ರಿಯಾಯಿತಿ, ಬಾರದಿದ್ದರೆ ಇಲ್ಲ.

ಇನ್ನು ನಮ್ಮ ಮಕ್ಕಳ ಪಾಡು. ಇದೇ ಸಂಸ್ಥೆಯಿಂದ 2022ರಲ್ಲಿ ನೇಮಕದ ಪತ್ರ ಪಡೆದ ಎಂಜಿನಿಯರಿಂಗ್ ಪದವೀಧರರಲ್ಲಿ ಹಲವರು ಕೆಲಸಕ್ಕೆ ಸೇರಿದ್ದು 2024ರ ಉತ್ತರಾರ್ಧದಲ್ಲಿ. ಎರಡು ವರ್ಷ! ಓದಿಗಾಗಿ ಮಾಡಿದ ಬ್ಯಾಂಕಿನ ಸಾಲ ಅಷ್ಟು ಕಾಲ ಕಾಯುವುದೆ? ಬೇರೆಡೆ ಸೇರೋಣವೆಂದರೆ ಕೈಯಲ್ಲಿರುವ ಪತ್ರವೂ ಹೋದೀತೆಂಬ ಅಂಜಿಕೆ. ಕೊನೆಗೆ 2025ರ ಫೆಬ್ರುವರಿಯಲ್ಲಿ ಮೈಸೂರಿನ ತರಬೇತಿ ಕೇಂದ್ರದಿಂದ 300ಕ್ಕೂ ಹೆಚ್ಚು ಮಂದಿಯನ್ನು ಹೊರಗೆ ಕಳುಹಿಸಲಾಯಿತು. ಮೂರು ಸಲ ಅವಕಾಶವಿತ್ತೂ ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಮುಂದುವರಿಯುವಂತಿಲ್ಲವೆಂದು ಕರಾರಿನಲ್ಲೇ ಇದೆ ಎಂಬುದು ಸಂಸ್ಥೆಯ ಸಮಾಧಾನ. ಇರಲಿ, ಪರೀಕ್ಷೆ ಬೇಡವೆಂದು ಯಾರೂ ಹೇಳರು. ತರುಣರು ಕರಾರಿಗೆ ಒಳಪಟ್ಟರು. ಅವರನ್ನು ಎರಡು ವರ್ಷ ಕಾಯಿಸಿದವರು ಯಾವುದಕ್ಕೆ ಒಳಪಟ್ಟರು? ಅಲ್ಲಿ ಮಾತು ಪಡೆದದ್ದು ಒಂದು ಸರಕಾರ, ಇಲ್ಲಿ ಆಗತಾನೆ ಪದವಿ ಮುಗಿಸಿದ ಹುಡುಗ. ತೂಕ ಬದಲಾದದ್ದು ಇಷ್ಟಕ್ಕೇ.

ಈ ಪಕ್ಷಪಾತಕ್ಕೆ ಸಂಸ್ಥೆಯೊಂದನ್ನೇ ದೂರಿ ಫಲವಿಲ್ಲ. ಕೆಲಸದ ನಿಯಮಗಳನ್ನು ಸ್ಪಷ್ಟವಾಗಿ ಬರೆದು ಪ್ರಕಟಿಸಬೇಕೆಂಬ 1946ರ ಸ್ಥಾಯೀ ಆದೇಶಗಳ ಕಾಯಿದೆಯಿಂದ ಈ ಉದ್ಯಮಕ್ಕೆ ಕರ್ನಾಟಕ ಸರಕಾರವು 2024ರಲ್ಲಿ ಮತ್ತೆ ಐದು ವರ್ಷಗಳ ವಿನಾಯಿತಿಯನ್ನಿತ್ತಿತು. ವಿನಾಯಿತಿ ಕೇಳಲು ಬಂದವರನ್ನು ಒಂದು ಮಾತು ಕೇಳಬಹುದಿತ್ತು: ನೇಮಕದ ಪತ್ರದಲ್ಲಿ ಸೇರುವ ದಿನಾಂಕವನ್ನು ಬರೆಯುವಿರೋ, ಆ ದಿನ ತಪ್ಪಿದರೆ ಕಾಯಿಸಿದ ತಿಂಗಳುಗಳಿಗೆ ಜೀವನಭತ್ಯೆಯನ್ನು ತೆರುವಿರೋ?