ತಕ್ಕಡಿ ಹಿಡಿಯುವವರನ್ನು ಆರಿಸುವವರು ಯಾರು?

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳನ್ನು ನೇಮಿಸುವವರು ಯಾರೆಂದು ಪರೀಕ್ಷೆಯಲ್ಲಿ ಕೇಳಿದರೆ ನಮ್ಮ ಮಕ್ಕಳು ತಡವರಿಸದೆ ‘ರಾಷ್ಟ್ರಪತಿ’ ಎಂದು ಬರೆಯುತ್ತಾರೆ. ಅಂಕವೂ ಸಿಗುತ್ತದೆ. ಆದರೆ ಹೆಸರನ್ನು ಆರಿಸುವವರು ಯಾರು? ಜಗಳವಿರುವುದು ಅಲ್ಲಿಯೇ.

ಈ ಜಗಳದ ಬಹುದೊಡ್ಡ ಅಧ್ಯಾಯದಲ್ಲಿ ಇಬ್ಬರು ಕನ್ನಡ ನೆಲದವರಿದ್ದಾರೆ. ಒಬ್ಬರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ. ಕೇರಳದ ಭೂಸುಧಾರಣಾ ಕಾಯ್ದೆಯ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು. ಇನ್ನೊಬ್ಬರು ಕಾರ್ಕಳದ ಕಡೆಯ ಕೌಡೂರಿನ ಕೆ.ಎಸ್. ಹೆಗ್ಡೆ. ಹಿಂದೆ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರಾಗಿದ್ದ ಅವರು, ಆ ಮೊಕದ್ದಮೆ ಆಲಿಸಿದ 13 ನ್ಯಾಯಮೂರ್ತಿಗಳಲ್ಲಿ ಒಬ್ಬರು.

1973ರ ಏಪ್ರಿಲ್ 24ರಂದು ತೀರ್ಪು ಬಂತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 7 ಮಂದಿ ಹೇಳಿದರು. 6 ಮಂದಿ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿ ಆಗಲೇ ನಿವೃತ್ತರಾಗುವವರಿದ್ದರು. ಹಿರಿತನದ ಸಾಲಿನಲ್ಲಿ ಶೆಲತ್, ಹೆಗ್ಡೆ, ಗ್ರೋವರ್ ಇದ್ದರು. ಮೂವರೂ ಸರ್ಕಾರಕ್ಕೆ ಹಿಡಿಸದ ತೀರ್ಪಿನ ಕಡೆಯವರು. ಇಂದಿರಾ ಗಾಂಧಿ ಸರ್ಕಾರ ಅವರನ್ನು ಬಿಟ್ಟು ನಾಲ್ಕನೆಯವರಾದ ಎ.ಎನ್. ರೇ ಅವರನ್ನು ಆರಿಸಿತು. ಮೂವರೂ ರಾಜೀನಾಮೆ ಕೊಟ್ಟು ಹೊರನಡೆದರು.

ನ್ಯಾಯಮೂರ್ತಿಯ ದೃಷ್ಟಿಕೋನವನ್ನೂ ನೋಡಬೇಕಾಗುತ್ತದೆ ಎಂದು ಸಚಿವ ಮೋಹನ್ ಕುಮಾರಮಂಗಲಂ ಸಮರ್ಥಿಸಿಕೊಂಡರು. ಬಡ್ತಿಯ ಆಸೆಗೆ ತೀರ್ಪು ಬಾಗೀತು ಎಂಬುದು ವಿರೋಧಿಗಳ ಆತಂಕ. ಹೆಗ್ಡೆಯವರು 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನೇ ನೋಡಿ. ತೂಕ ಹಾಕುವವನನ್ನು ರೀಲರೇ ನೇಮಿಸಿದರೆ ರೈತ ಒಪ್ಪುತ್ತಾನೆಯೇ? ರೈತನೇ ನೇಮಿಸಿದರೆ ರೀಲರು ಸುಮ್ಮನಿರುತ್ತಾರೆಯೇ? ನ್ಯಾಯಾಲಯದಲ್ಲಿ ಸರ್ಕಾರವೇ ದೊಡ್ಡ ಕಕ್ಷಿದಾರ ಎಂಬುದನ್ನು ಮರೆಯಬಾರದು.

1993ರ ತೀರ್ಪಿನಿಂದ ಆಯ್ಕೆ ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಕೈಗೆ ಬಂತು. ಸರ್ಕಾರಕ್ಕೂ ಪಾಲು ಕೊಡುವ ಆಯೋಗವನ್ನು 2015ರಲ್ಲಿ ಸುಪ್ರೀಂ ಕೋರ್ಟು 4–1ರಿಂದ ರದ್ದುಮಾಡಿತು. ತಮ್ಮವರನ್ನು ತಾವೇ ಆರಿಸಿಕೊಳ್ಳುವುದು ಸರಿಯೇ ಎಂಬ ಪ್ರಶ್ನೆ ಉಳಿದೇ ಇದೆ. ಅಮೆರಿಕದಲ್ಲಿ ಪಕ್ಷಗಳ ಪಟ್ಟು ಇನ್ನೂ ಬಿಗಿ: 2016ರಲ್ಲಿ ಒಬಾಮ ಸೂಚಿಸಿದ ಹೆಸರನ್ನು ಸೆನೆಟ್ ವಿಚಾರಣೆಗೇ ಎತ್ತಿಕೊಳ್ಳಲಿಲ್ಲ.

ವಿದ್ಯಾರ್ಥಿಗಳೇ, ಇದೆಲ್ಲ ದೆಹಲಿಯ ಮಾತೆಂದು ಕೈಬಿಡಬೇಡಿ. ಚಿಂತಾಮಣಿ ತಾಲ್ಲೂಕಿನಲ್ಲಿ ಹುಟ್ಟಿದ ವಿ. ಗೋಪಾಲಗೌಡರು 2012ರಿಂದ 2016ರವರೆಗೆ ಅದೇ ಪೀಠದಲ್ಲಿ ಕುಳಿತಿದ್ದರು. ನಾಳೆ ಗೌರಿಬಿದನೂರಿನ ಹುಡುಗಿಯೊಬ್ಬಳು ಅಲ್ಲಿ ಕೂರಬಹುದು. ಅವಳನ್ನು ಯಾರು, ಯಾವ ಗುಣ ನೋಡಿ ಆರಿಸಬೇಕು? ತಂದೆತಾಯಂದಿರು ಇಂದು ರಾತ್ರಿ ಊಟದ ಹೊತ್ತಿಗೆ ಮಕ್ಕಳನ್ನು ಇದೊಂದು ಪ್ರಶ್ನೆ ಕೇಳಿ ನೋಡಲಿ.