ಮಳೆ ನೋಡಲು ಹೋದವರು, ಮಳೆಗೆ ಮನೆ ಬಿಟ್ಟವರು

ಕಳೆದ ಜುಲೈನಲ್ಲಿ ಸೆಮಿಸ್ಟರ್ ಪರೀಕ್ಷೆ ಮುಗಿದ ಮರುದಿನವೇ ನಾವು ನಾಲ್ವರು ಗೆಳೆಯರು ಖಾನಾಪುರ ತಾಲ್ಲೂಕಿನ ಕಣಕುಂಬಿ ಕಡೆಯ ಒಂದು ಹೋಂ ಸ್ಟೇಗೆ ಹೊರಟೆವು. ನಾನು ಬೈಲಹೊಂಗಲದವನು. ಉಳಿದ ಮೂವರು ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವರು. ಹಗಲಿಡೀ ಸುರಿಯುವ ಮಳೆ, ಮಂಜು, ಹಂಚಿನ ಮನೆ, ಬಿಸಿ ಚಹಾ, ಜೊತೆಗೆ ನಾಲ್ಕಾರು ರೀಲ್ಸ್. ಇಷ್ಟೇ ನಮ್ಮ ಆಸೆ.

ಮೊದಲ ದಿನ ಎಲ್ಲವೂ ಹಾಗೇ ಇತ್ತು. ಎರಡನೇ ದಿನ ಬೆಳಿಗ್ಗೆ ಹಳ್ಳದ ನೀರು ರಸ್ತೆಯ ಮೇಲೆ ಬಂತು. ಕರೆಂಟು ಹೋಯಿತು, ನೆಟ್‌ವರ್ಕೂ ಹೋಯಿತು. ಆ ಮನೆಯಲ್ಲಿ ನಮ್ಮೊಂದಿಗೆ ಹುಬ್ಬಳ್ಳಿಯ ಐದು ಜನರ ಕುಟುಂಬ, ಬೆಳಗಾವಿಯ ಮರಾಠಿ ಮನೆಮಾತಿನ ಮೂವರು, ಮನೆಯೊಡೆಯ ದಂಪತಿ. ಒಟ್ಟು ಹದಿನಾಲ್ಕು ಮಂದಿ. ಹಿಂದಿನ ದಿನ ಒಬ್ಬರನ್ನೊಬ್ಬರು ನೋಡಿ ನಕ್ಕವರೇ ಈಗ ಬಿಸಿನೀರಿಗೆ, ಇನ್ವರ್ಟರಿನ ಒಂದೇ ಪ್ಲಗ್ಗಿಗೆ ಜಗಳಕ್ಕೆ ಬಿದ್ದರು. ‘ನಾವೂ ದುಡ್ಡು ಕೊಟ್ಟೇ ಬಂದೀವಿ’ ಎಂಬ ಮಾತು ಮೂರು ಕೋಣೆಗಳಿಂದಲೂ ಕೇಳಿಸಿತು. ನಮ್ಮ ಕೋಣೆಯಿಂದ ಅದನ್ನು ಹೇಳಿದವನು ನಾನೇ.

ಆಗ ರಾಮದುರ್ಗದ ಗೆಳೆಯ ಎದ್ದು ಹುಬ್ಬಳ್ಳಿಯ ಅಜ್ಜಿಯ ಹತ್ತಿರ ಹೋದ. ‘ಅಜ್ಜಿ, ನಿಮ್ಮ ಗುಳಿಗಿ ಇನ್ನ ಎಷ್ಟ ದಿನಕ್ಕ ಆಗ್ತಾವ್ರಿ?’ ಎಂದು ಕೇಳಿದ. ಬಿ.ಪಿ. ಗುಳಿಗೆ ಒಂದೇ ದಿನಕ್ಕಿದ್ದವು. ಅವರ ಮಗನಿಗೂ ಅದು ಗೊತ್ತಿರಲಿಲ್ಲ. ಬೆಳಗಾವಿಯ ಕಾಕಾ ಅದೇ ಗುಳಿಗೆ ನುಂಗುವವರು. ಚೀಟಿ ನೋಡಿ, ಎರಡೂ ಒಂದೇ ಎಂದು ಖಾತ್ರಿ ಮಾಡಿಕೊಂಡು ತಮ್ಮದರಲ್ಲಿ ನಾಲ್ಕು ಕೊಟ್ಟರು. ಗೆಳೆಯ ಅಷ್ಟಕ್ಕೇ ನಿಲ್ಲಲಿಲ್ಲ. ಹಳೇ ಕ್ಯಾಲೆಂಡರಿನ ಹಿಂಬದಿಗೆ ಪಟ್ಟಿ ಬರೆದ: ಬಿಸಿನೀರು ಮೊದಲು ಅಜ್ಜಿಗೆ, ಮಕ್ಕಳಿಗೆ, ಚಾರ್ಜಿಂಗ್ ಒಬ್ಬರಿಗೆ ಅರ್ಧ ತಾಸು, ಪಾತ್ರೆ ತೊಳೆಯುವುದು ನಾವು ನಾಲ್ವರು. ಒಬ್ಬರೇ ಒಲೆ ಮುಂದೆ ಕೂತು ಹದಿನಾಲ್ಕು ಮಂದಿಗೆ ಬೇಯಿಸುತ್ತಿದ್ದ ಮನೆಯ ಅಕ್ಕನಿಗೆ ಸಂಜೆಯ ಹೊತ್ತಿಗೆ ಆರು ಜನ ಕೈಯಾಳುಗಳಾಗಿದ್ದರು. ನಾನು ಲಟ್ಟಿಸಿದ ಚಪಾತಿ ನೋಡಿ ಅಜ್ಜಿ ಮನಸಾರೆ ನಕ್ಕರು.

‘ಇದೆಲ್ಲಾ ಎಲ್ಲಿ ಕಲಿತೀಲೇ?’ ಎಂದು ರಾತ್ರಿ ಕೇಳಿದೆ. ‘ಗಂಜಿ ಕೇಂದ್ರದಾಗ’ ಎಂದ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗ ಮತ್ತು ದಂಡೆಯ ಹಳ್ಳಿಗಳಿಗೆ ನುಗ್ಗಿದಾಗ ಅವನು ಎಂಟನೇ ತರಗತಿ. ಶಾಲೆಯ ಒಂದೇ ಕೋಣೆಯಲ್ಲಿ ಆರು ಕುಟುಂಬ, ಒಂಬತ್ತು ದಿನ. ಮೊದಲೆರಡು ದಿನ ಚಾಪೆಗೆ ಜಗಳ, ಯಾರ ಪಕ್ಕ ಯಾರು ಮಲಗಬೇಕು ಎಂಬುದಕ್ಕೂ ಜಗಳ. ಅವನ ತಾಯಿ, ಅಕ್ಕ ಶೌಚಕ್ಕೆ ಹೋಗಲು ಕತ್ತಲಾಗುವುದನ್ನೇ ಕಾಯುತ್ತಿದ್ದರು. ಮೂರನೇ ದಿನ ಅಂಗನವಾಡಿಯ ಅಕ್ಕೋರೊಬ್ಬರು ಚಾಕ್‌ಪೀಸ್ ಹಿಡಿದು ಕರಿಹಲಗೆಯ ಮೇಲೆ ಬರೆದರಂತೆ: ಯಾರಿಗೆ ಯಾವ ಗುಳಿಗೆ, ಯಾವ ಕೂಸಿಗೆ ಹಾಲು, ಹೆಣ್ಣುಮಕ್ಕಳಿಗೆ ಯಾವ ಹೊತ್ತು, ಯಾರು ಕಸ ಹೊಡೆಯಬೇಕು. ಜಗಳ ಪೂರ್ತಿ ನಿಲ್ಲಲಿಲ್ಲ, ಆದರೆ ಕೋಣೆ ನಡೆಯಿತು.

ಕಷ್ಟ ಬಂದರೆ ಜನ ತಾವಾಗಿಯೇ ಒಂದಾಗುತ್ತಾರೆ ಎಂದು ನಾವು ಭಾಷಣದಲ್ಲಿ ಹೇಳುತ್ತೇವೆ. ನಾನು ಕಂಡದ್ದು ಹಾಗಲ್ಲ. ಇಕ್ಕಟ್ಟಿನಲ್ಲಿ ಅಪರಿಚಿತರು ಮೊದಲು ಜಗಳವಾಡುತ್ತಾರೆ. ಯಾರೋ ಒಬ್ಬರು ಎದ್ದು ದುರ್ಬಲರು ಯಾರು ಎಂದು ಕೇಳಿ, ಕೆಲಸ ಹಂಚಿದ ಮೇಲೆಯೇ ಹೊಂದಿಕೊಳ್ಳುತ್ತಾರೆ. ಅದು ಒಳ್ಳೆಯ ಮನಸ್ಸಿನ ಮಾತಷ್ಟೇ ಅಲ್ಲ, ಕಲಿಯಬೇಕಾದ ಕೆಲಸ. ಹಾಸ್ಟೆಲ್, ಪಿ.ಜಿ., ನಾಳೆ ಕೆಲಸಕ್ಕೆ ಹೋದ ಊರಿನ ಬಾಡಿಗೆ ಕೋಣೆ, ಎಲ್ಲ ಕಡೆಯೂ ನಮಗೆ ಬೇಕಾದದ್ದು.

ಆ ರಾತ್ರಿ ಗೆಳೆಯ ಹೇಳಿದ ಇನ್ನೊಂದು ಮಾತು ನನ್ನನ್ನು ಬಿಟ್ಟಿಲ್ಲ. ‘ನೀವು ಮಳಿ ನೋಡಾಕ ಬಂದೀರಿ. ಇದೇ ಮಳಿ ನಮ್ಮೂರಿಗೆ ಹೊಳಿಯಾಗಿ ಬರತೈತಿ.’ ಅದು ನಿಜ. ಮಲಪ್ರಭೆ ಹುಟ್ಟುವುದೇ ಕಣಕುಂಬಿಯಲ್ಲಿ. ಖಾನಾಪುರ, ಕಿತ್ತೂರಿನ ಹತ್ತಿರದ ಎಂ.ಕೆ. ಹುಬ್ಬಳ್ಳಿ, ಮುನವಳ್ಳಿ ದಾಟಿ ಸವದತ್ತಿಯ ನವಿಲುತೀರ್ಥ ಜಲಾಶಯ ಸೇರಿ, ಅಲ್ಲಿಂದ ಬಿಟ್ಟ ನೀರು ರಾಮದುರ್ಗಕ್ಕೆ ಹೋಗುತ್ತದೆ. ನಮ್ಮ ಹಂಚಿನಿಂದ ತೊಟ್ಟಿಕ್ಕುತ್ತಿದ್ದ ನೀರು ಹಿಡಿದಿದ್ದು ಅದೇ ದಾರಿ. ನಮ್ಮ ತೊಂದರೆ ಎರಡು ದಿನಕ್ಕೆ ಮುಗಿಯಿತು. ಗಂಜಿ ಕೇಂದ್ರದಿಂದ ಹೊರಟವರು ಹೋಗಿದ್ದು ಕೆಸರು ತುಂಬಿದ ಮನೆಗೆ.

ಮಳೆ ಪ್ರವಾಸ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಮಳೆಯನ್ನು ಮೋಜಾಗಿ ಕಾಣುವ ನಮಗೆ ಹೊಳೆಯ ಕೆಳಗಿನವರ ಕಡೆಗೂ ಒಂದು ಹೊಣೆ ಇದೆ. ಜಲಾಶಯದ ಒಳಹರಿವು, ಹೊರಹರಿವಿನ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ. ನವಿಲುತೀರ್ಥದ ಸಾಮರ್ಥ್ಯ 37.73 ಟಿಎಂಸಿ ಅಡಿ. ಸುಮಾರು 11,574 ಕ್ಯುಸೆಕ್ ನೀರು 24 ತಾಸು ಹರಿದರೆ ಒಂದು ಟಿಎಂಸಿ ಅಡಿ. ಅಣೆಕಟ್ಟು ತುಂಬಲು ಎಷ್ಟು ಬಾಕಿ ಇದೆ, ಈ ವೇಗಕ್ಕೆ ಎಷ್ಟು ದಿನ ಎಂದು ಎಂಜಿನಿಯರಿಂಗ್ ಓದುವ ನಾವು ಲೆಕ್ಕ ಹಾಕಿ ಮನೆಯವರಿಗೆ, ದಂಡೆಯ ಹಳ್ಳಿಯ ಗೆಳೆಯರಿಗೆ ತಿಳಿಸಬಹುದು. ಅಧಿಕಾರಿಗಳ ಎಚ್ಚರಿಕೆಗೆ ಅದು ಬದಲಿಯಲ್ಲ. ಎಚ್ಚರಿಕೆ ಬಂದಾಗ ಅದನ್ನು ನಂಬಿ ಬೇಗ ಹೊರಡಲು ನೆರವಾಗುತ್ತದೆ.

ನಮ್ಮ ಕಾಲೇಜುಗಳ ಎನ್ಎಸ್ಎಸ್ ಘಟಕಗಳು ಜೂನ್‌ನಲ್ಲೇ ಹೊಳೆದಂಡೆಯ ಹಳ್ಳಿಗಳಿಗೆ ಹೋಗಲಿ. ವಯಸ್ಸಾದವರ ಔಷಧಿ ಪಟ್ಟಿ ಮಾಡಲಿ. ಮಕ್ಕಳ ಮಾರ್ಕ್ಸ್ ಕಾರ್ಡು, ಆಧಾರ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಲು ಹೇಳಲಿ. ಕಾಳಜಿ ಕೇಂದ್ರವಾಗುವ ಶಾಲೆಯಲ್ಲಿ ಶೌಚಾಲಯಕ್ಕೆ ನೀರು, ಬಾಗಿಲಿಗೆ ಚಿಲಕ ಇದೆಯೇ, ಹೆಣ್ಣುಮಕ್ಕಳಿಗೆ ಮರೆ ಇದೆಯೇ ನೋಡಲಿ. ಇದಕ್ಕೆ ದೊಡ್ಡ ಹಣ ಬೇಕಿಲ್ಲ, ಎರಡು ಭಾನುವಾರ ಸಾಕು.

ನೀರು ಇಳಿದು ಹೊರಡುವಾಗ ಹುಬ್ಬಳ್ಳಿಯ ಅಜ್ಜಿ ನಮ್ಮ ಕೈಗೆ ಶೇಂಗಾ ಉಂಡಿ ಕೊಟ್ಟು, ರಾಮದುರ್ಗದವನ ತಲೆ ಸವರಿದರು. ಈ ಮಳೆಗಾಲದಲ್ಲೂ ಕಣಕುಂಬಿಗೆ ಹೋಗುವ ಮಾತು ನಡೆದಿದೆ. ಹೋದರೆ, ಅಲ್ಲಿ ಮಳೆ ಜೋರಾದ ಕೂಡಲೇ ರೀಲ್ಸ್‌ಗಿಂತ ಮೊದಲು ರಾಮದುರ್ಗಕ್ಕೆ ಒಂದು ಫೋನ್ ಮಾಡುವುದು ಎಂದು ನಾವು ನಾಲ್ವರೂ ಮಾತಾಡಿಕೊಂಡಿದ್ದೇವೆ.