ಕ್ಲಿಫರ್ಡ್ ಗೋಪುರದ ಚಿತ್ರದಲ್ಲಿ ಕಾಣದ ಬೆಂಕಿ

ಇಂಗ್ಲೆಂಡಿನ ಯಾರ್ಕ್ ನಗರದ ನಡುವೆ, ಕಡಿದಾದ ಹಸಿರು ದಿಬ್ಬವೊಂದರ ನೆತ್ತಿಯಲ್ಲಿ, ಕಲ್ಲಿನ ಗೋಪುರವೊಂದು ನಿಂತಿದೆ. ವಸಂತದಲ್ಲಿ ಇಳಿಜಾರಿನ ತುಂಬ ಹಳದಿ ಡ್ಯಾಫೋಡಿಲ್ ಅರಳುತ್ತವೆ. ಇಲ್ಲಿಗೆ ಪ್ರವಾಸ ಬರುವ ನಮ್ಮವರೂ ಅದರ ಮುಂದೆ ನಿಂತು ಚಿತ್ರ ತೆಗೆದು, ಮಧ್ಯಯುಗದ ಸೊಬಗೆಂದು ಹಂಚಿಕೊಳ್ಳುತ್ತಾರೆ. ನನ್ನ ತಕರಾರು ಆ ಸೊಬಗೆಂಬ ಮಾತಿನ ಮೇಲೆ.

1190ರ ಮಾರ್ಚ್ 16ರಂದು ಇದೇ ದಿಬ್ಬದ ಮೇಲಿದ್ದ ಮರದ ಗೋಪುರದಲ್ಲಿ ಸುಮಾರು 150 ಯಹೂದಿಯರು ಸತ್ತರು. ಊರಿನ ಗುಂಪಿಗೆ ಹೆದರಿ ಅವರು ಅರಸನ ಕೋಟೆಯನ್ನು ಹೊಕ್ಕಿದ್ದರು. ಮುತ್ತಿಗೆ ಬಿಗಿಯಾದಾಗ ಹೆಚ್ಚಿನವರು ತಮ್ಮವರ ಕೈಯಿಂದಲೇ ಸಾವನ್ನು ಆರಿಸಿಕೊಂಡರು, ಗೋಪುರ ಉರಿಯಿತು. ಮತಾಂತರವಾದರೆ ಜೀವದಾನವೆಂಬ ಮಾತನ್ನು ನಂಬಿ ಹೊರಬಂದವರನ್ನೂ ಕೊಂದರು. ಆಮೇಲೆ ಆ ಗುಂಪು ಯಾರ್ಕ್ ಮಿನ್‌ಸ್ಟರಿಗೆ ನಡೆದು, ಅಲ್ಲಿರಿಸಿದ್ದ ಸಾಲಪತ್ರಗಳನ್ನು ಸುಟ್ಟಿತು. ಮುಂದಾಳುಗಳಲ್ಲಿ ಯಹೂದಿಯರಿಗೆ ಸಾಲ ತೀರಿಸಬೇಕಾಗಿದ್ದ ಜಮೀನ್ದಾರರಿದ್ದರು. ಬಾಯಲ್ಲಿ ಧರ್ಮಯುದ್ಧ, ಕಣ್ಣು ಲೆಕ್ಕದ ಕಾಗದದ ಮೇಲೆ.

ಇಂದಿನ ಕಲ್ಲುಗಳು ಇದನ್ನು ಹೇಳಲಾರವು. ಅವು 13ನೇ ಶತಮಾನದಲ್ಲಿ ಮೂರನೆಯ ಹೆನ್ರಿ ಕಟ್ಟಿಸಿದವು. ಅವನ್ನು ಪಾಳುಗೆಡವಿದ್ದು 1684ರ ಇನ್ನೊಂದು ಬೆಂಕಿ. ಎಂಥ ದುಬಾರಿ ಕ್ಯಾಮೆರಾಕ್ಕೂ 1190 ದಕ್ಕದು. ಸತ್ತವರನ್ನು ನೆನೆಯುವ ಫಲಕ ದಿಬ್ಬದ ಬುಡಕ್ಕೆ ಬಂದದ್ದೇ 1978ರಲ್ಲಿ. ಡ್ಯಾಫೋಡಿಲ್‌ನ ಆರು ಎಸಳುಗಳಲ್ಲಿ ದಾವೀದನ ಆರು ಮೂಲೆಯ ನಕ್ಷತ್ರವನ್ನು ಕಾಣುವವರಿದ್ದಾರೆ. ನಾವು ಆ ಹೂವಿನ ಮುಂದೆ ನಿಂತು ನಗುತ್ತೇವೆ.

ಎಂಟು ಶತಮಾನದ ಹಿಂದಿನ ಕತೆಯನ್ನು ಈಗೇಕೆ ಕೆದಕಬೇಕೆಂದು ಕೇಳುವವರಿದ್ದಾರೆ. ಅರಸನ ರಕ್ಷಣೆಯೆಂಬುದು ಹೇಗೆ ಸೋಲುತ್ತದೆಂದು ತಿಳಿಯಲಿಕ್ಕಾಗಿ. ಯಹೂದಿಯರು ಅರಸನ ಆಶ್ರಿತರು, ತಮ್ಮ ಸಂಖ್ಯೆಗೆ ಮೀರಿದ ತೆರಿಗೆ ಕಟ್ಟಿದವರು. ಅರಸ ದೇಶದಲ್ಲಿಲ್ಲದ ಹೊತ್ತಿನಲ್ಲಿ ಆ ಆಶ್ರಯ ಕೆಲವೇ ದಿನಗಳಲ್ಲಿ ಕರಗಿತು. ಊರಿನವರಿಗೆ ದಂಡ ಬಿತ್ತು. 1194ರಲ್ಲಿ ಸಾಲಪತ್ರಗಳಿಗೆ ಎರಡು ಪ್ರತಿಯಿರಬೇಕೆಂಬ ವ್ಯವಸ್ಥೆ ಬಂತು: ಪ್ರಭುತ್ವ ಜೋಪಾನ ಮಾಡಲು ಕಲಿತದ್ದು ಕಾಗದವನ್ನು. ಜನರನ್ನೋ, 1290ರಲ್ಲಿ ಮೊದಲನೆಯ ಎಡ್ವರ್ಡ್ ದೇಶದಿಂದಲೇ ಅಟ್ಟಿದ.

2024ರ ಆಗಸ್ಟ್ 4ರಂದು ಅದೇ ಯಾರ್ಕ್‌ಷೈರ್ ಸೀಮೆಯ ರಾದರಮ್ ಬಳಿ, ಆಶ್ರಯ ಕೋರಿ ಬಂದವರು ತಂಗಿದ್ದ ಹೋಟೆಲನ್ನು ಗುಂಪೊಂದು ಸುತ್ತುವರಿದು ಬೆಂಕಿಯಿಟ್ಟಿತು. ಒಳಗೆ ಜನರಿದ್ದರು. ನಮ್ಮ ನಡುವೆ ಒಂದು ಸಮಾಧಾನದ ಮಾತು ಓಡಾಡುತ್ತದೆ: ನಾವು ತೆರಿಗೆ ಕಟ್ಟುವವರು, ದೋಣಿಯಲ್ಲಿ ಬಂದವರಲ್ಲ. ತೆರಿಗೆಯ ರಸೀದಿ ಗುರಾಣಿಯಾಗುವುದಾದರೆ ಯಾರ್ಕಿನ ಯಹೂದಿಯರು ಬದುಕಬೇಕಿತ್ತು.

ಇದಕ್ಕಿಂತ ಕಹಿಯಾದ ಮಾತೊಂದಿದೆ. ಇಲ್ಲಿ ಅಲ್ಪಸಂಖ್ಯಾತರ ಹಕ್ಕು ಕೇಳುವ ನಮ್ಮಲ್ಲೇ ಕೆಲವರು, ಊರಿನಲ್ಲಿ ಬಹುಸಂಖ್ಯಾತರ ಗುಂಪು ಯಾರದೋ ಮನೆಬಾಗಿಲಿಗೆ ನುಗ್ಗಿದಾಗ ಇಲ್ಲಿಂದಲೇ ಶಹಬ್ಬಾಸ್ ಹೇಳುತ್ತಾರೆ. ಅವರು ಯಾರ್ಕಿನ ದಿಬ್ಬ ಹತ್ತಿದಾಗ ತಾವು ಗೋಪುರದ ಒಳಗಿನವರೋ ಹೊರಗಿನವರೋ ಎಂದು ತೀರ್ಮಾನಿಸಿಕೊಳ್ಳಲಿ.

ಚಿತ್ರ ತೆಗೆಯಬೇಡಿ ಎನ್ನುತ್ತಿಲ್ಲ. ಕೋಟೆಯ ಚಿತ್ರ ಹಾಕುವಾಗ ಕಟ್ಟಿಸಿದ ಅರಸನ ಹೆಸರಿನ ಜೊತೆಗೆ ಅಲ್ಲಿ ಸತ್ತವರ ಸುದ್ದಿಯನ್ನೂ ಬರೆಯಿರಿ. ಹಂಪಿಯಾದರೂ, ಶ್ರೀರಂಗಪಟ್ಟಣವಾದರೂ, ಯಾರ್ಕ್ ಆದರೂ ನಿಯಮ ಒಂದೇ ಇರಲಿ. ಮಕ್ಕಳು ಆ ಚಿತ್ರ ನೋಡಿ ಇಲ್ಲಿ ಏನಾಯಿತೆಂದು ಕೇಳಿದರೆ, ಹೂವಿನ ಹೆಸರಷ್ಟನ್ನೇ ಹೇಳಿ ಸುಮ್ಮನಾಗಬೇಡಿ.